ರಾಗಿ ಸಾಲಿಗೂ ಮಡಿ

ಮೇಲೂರಿನ ಮುನಿಯಮ್ಮನವರ ಹಿಪ್ಪುನೇರಳೆ ತೋಟದ ನಡುವೆ, ಹೆಚ್ಚು ಇಳುವರಿಯ ಹೊಸ ರಾಗಿ ತಳಿಗಳನ್ನು ಕೃಷಿ ಸಂಶೋಧನೆಯವರಾದ ನಾವು ಪ್ರಯೋಗಕ್ಕೆಂದು ಸಾಲುಸಾಲಾಗಿ ಬೆಳೆಸಿದ್ದೆವು. ಆ ಬೆಳಿಗ್ಗೆ ತೋಟವೆಲ್ಲ ಮಂಜಿನಲ್ಲಿ ಕರಗಿಹೋಗಿತ್ತು. ಹುಳುಮನೆಯೊಳಗೆ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಮಾತ್ರ ಜಿಟಿಜಿಟಿ ಮಳೆಯಂತೆ ಕೇಳಿಸುತ್ತಿತ್ತು. ನಿದ್ದೆಯಲ್ಲಿ ನಡೆದವನಂತೆ ಬದುವಿಗೆ ಬಂದೆ.

ಮಂಜಿನೊಳಗಿಂದ ಮೊದಲು ಒಂದು ಚೊಂಬು, ಅದರ ಹಿಂದೆ ಮುನಿಯಮ್ಮ ಬಂದರು.

"ನಿಲ್ಲಪ್ಪ. ಊರೂರು ಹೊಲ ತುಳ್ಕೊಂಡು ಬರ್ತೀಯ. ಕಾಲು ತೊಳ್ಕೊಂಡು ಒಳಕ್ಕೆ ಹೋಗು, ಇಲ್ದಿದ್ರೆ ರೋಗ ಅಂಟುತ್ತೆ."

ಕಾಲು ತೊಳೆಯದೆ ಒಳಗೆ ಕಾಲಿಡಬಾರದೆಂಬ ಹುಳುಮನೆಯ ಕಟ್ಟಳೆ ನನ್ನ ರಾಗಿಗೂ ಬಂದಿತ್ತು. ನನ್ನ ಹೆಗಲ ಚೀಲದಲ್ಲಿದ್ದದ್ದೋ, ಚಿಂತಾಮಣಿ ಕಡೆಯಿಂದ ತಂದ, ಬೆಂಕಿರೋಗ ಹತ್ತಿದ ರಾಗಿ ಗರಿಗಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಮ್ಮ, ನಾನು ರೋಗ ಹಚ್ಚೋಕೇ ಬಂದಿದೀನಿ" ಅಂದೆ.

ಚೊಂಬು ಗಾಳಿಯಲ್ಲೇ ನಿಂತಿತು. "ಹಾಲು ತುಂಬೋ ತೆನೆಗಾ? ಬಸುರಿಗೆ ವಿಷ ಇಟ್ಟಂಗಲ್ವೇನಪ್ಪ?"

"ನಿಮ್ಮ ಸೊಪ್ಪಿಗೆ ತಾಗಲ್ಲಮ್ಮ. ರಾಗೀಲಿ ರೋಗ ತಡ್ಕೊಂಡು ಉಳಿಯೋ ಸಾಲು ಯಾವುದು ಅಂತ ಗೊತ್ತಾಗಬೇಕು. ಅದರ ಬೀಜಾನೇ ಮುಂದಕ್ಕೆ."

ಅವರು ಸಾಲುಗಳ ಕಡೆ ತಿರುಗಿದರು. ತೆನೆಗಳ ತುದಿಯಿಂದ ಹನಿ ಉದುರುತ್ತಿತ್ತು.

"ಉಳಿದದ್ದರ ಬೀಜ ಮೊದಲು ನಮಗೆ ಕೊಡಬೇಕು" ಅಂದರು. ಒಪ್ಪಿದೆ.

"ಸರಿ, ಹೋಗು" ಅಂದವರು ದಾರಿ ಮಾತ್ರ ಬಿಡಲಿಲ್ಲ. "ಅದೇನೇ ಇರ್ಲಿ, ಕಾಲು ತೊಳ್ಕೊ."

ನೀರು ತಣ್ಣಗೆ ಪಾದದ ಮೇಲೆ ಬಿತ್ತು. ಹೆಗಲ ಮೇಲೆ ಅಷ್ಟೊಂದು ರೋಗ ಹೊತ್ತುಕೊಂಡು, ಇಷ್ಟು ಶುದ್ಧವಾದ ಕಾಲಲ್ಲಿ ನಾನು ಇನ್ಯಾವ ಹೊಲಕ್ಕೂ ಇಳಿದಿಲ್ಲ.