ಮೀನಿಗೆ ನಾದಿದ ಹಿಟ್ಟು

ಮೀನಿನ ಆಫೀಸಿನಲ್ಲಿ ಮೀನು ತಿನ್ನುವವಳು ನಾನೊಬ್ಬಳೇ ಎಂದು ಗೊತ್ತಾದದ್ದು ಮೊದಲ ದಿನದ ಊಟದ ಹೊತ್ತಿಗೆ. ಕಾವಲುಗಾರ ಫಕ್ಕೀರಪ್ಪ ಬುತ್ತಿ ಬಿಚ್ಚಿದ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. "ಇಷ್ಟು ದೊಡ್ಡ ಕೆರೆ ಇಟ್ಕೊಂಡು ನೀವು ಮೀನು ತಿನ್ನೋದಿಲ್ವಾ?" ಅಂದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. "ಬ್ಯಾಂಕಿನ್ಯಾಗ ಕೆಲಸ ಮಾಡೋರು ನೋಟು ತಿಂತಾರೇನ್ರಿ, ಮೇಡಮ್ಮಾರ?"

ನಮ್ಮ ಕುಂದಾಪುರದವರಾದ ನಿಮಗೆ ಇದು ಅರ್ಥವಾಗುವುದು ಕಷ್ಟ. ಬಡ್ತಿ ಸಿಕ್ಕಿ ನಾನು ಬಂದದ್ದು ಶಿರಹಟ್ಟಿ ಕಡೆಯ ಒಂದು ಕೆರೆಗೆ. ಕೆರೆಯ ಒಂದು ದಂಡೆ ಹಕ್ಕಿಗಳದ್ದು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವನ್ನು ನೋಡಲು ಮುಂಡರಗಿ, ಲಕ್ಷ್ಮೇಶ್ವರದಿಂದ ಜನ ಬರುತ್ತಾರೆ. ಇನ್ನೊಂದು ದಂಡೆ ಗಾಳ ಹಾಕುವವರದ್ದು, ಅದಕ್ಕೆ ದಿನದ ಪಾಸು. ಪಾಸು ಬರೆಯುವುದು, ಹಕ್ಕಿ ಎಣಿಸಿದ ಪಟ್ಟಿ ಮೇಲಿನವರಿಗೆ ಕಳಿಸುವುದು, ದುರ್ಬೀನು ತೆಗೆದುಕೊಂಡವರು ಅದನ್ನು ತಿರುಗಿ ಕೊಡುವವರೆಗೆ ಅವರ ಬೆನ್ನು ಬೀಳುವುದು, ಇದು ನನ್ನ ಕೆಲಸ.

ಕೆಲಸ ಸುಲಭ, ಮನೆ ಕಷ್ಟ. ನಮ್ಮಲ್ಲಿ ಬಾಡಿಗೆಗೆ ಹೋದರೆ ಬಾವಿ ಇದೆಯಾ ಎಂದು ನಾವು ಕೇಳುತ್ತೇವೆ. ಇಲ್ಲಿ ಮನೆಯವರೇ ಮೊದಲು ಕೇಳುತ್ತಾರೆ, ಅದೂ ಹೆಸರಿಗಿಂತ ಮುಂಚೆ: "ಏನ ತಿಂತೀರಿ?" ನಾಲ್ಕು ಮನೆಗಳಲ್ಲಿ ಖರೆ ಹೇಳಿ ನಾಲ್ಕು ಬಾಗಿಲು ಮುಚ್ಚಿಸಿಕೊಂಡೆ. ಐದನೆಯದು ಕೆರೆಗೆ ಬಸ್ಸು ಹಿಡಿಯಬೇಕಾದಷ್ಟು ದೂರದ ಬೆಟಗೇರಿಯ ನೇಕಾರರ ಓಣಿಯಲ್ಲಿ, ನೀಲವ್ವನ ಮನೆ.

"ಯಾ ಆಫೀಸ್ ರೀ?"

"ಹಕ್ಕಿ ಆಫೀಸು."

"ಹಕ್ಕಿ ನೋಡಾಕ ಪಗಾರ ಕೊಡ್ತಾರ? ನಮ್ಮ ಮನ್ಯಾಗ ಮೀನು, ಮೊಟ್ಟಿ ನಡಿಯಂಗಿಲ್ಲ ನೋಡವ್ವ."

"ಆಯ್ತು ಅವ್ವಾರೆ," ಅಂದೆ. ಮೀನಿನ ದಂಡೆಯ ಸುದ್ದಿ ಎತ್ತಲಿಲ್ಲ.

ಆ ಮನೆಯಲ್ಲಿ ನನಗೆ ಏನೂ ಕಡಿಮೆಯಾಗಲಿಲ್ಲ. ನಮ್ಮಲ್ಲಿ ಕಡಲು ಮೊರೆದ ಹಾಗೆ ಇಲ್ಲಿ ಬೆಳಗಾದರೆ ಮಗ್ಗ ಲಟಕ್ ಪಟಕ್ ಅನ್ನುತ್ತದೆ. ನೀಲವ್ವನ ಗಂಡ ಮಲ್ಲೇಶಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕೂತರೆ ಊಟಕ್ಕೇ ಏಳುವುದು. ನಲ್ಲಿ ನೀರು ಬರುವ ದಿನ ಓಣಿಗೆಲ್ಲ ಹಬ್ಬ. ನಾನು ಬಸ್ಸಿನಲ್ಲಿದ್ದರೆ ನನ್ನ ಕೊಡಗಳನ್ನೂ ನೀಲವ್ವನೇ ತುಂಬಿಸಿಡುತ್ತಿದ್ದಳು. ರೊಟ್ಟಿ ಕಲಿಸಿದ್ದೂ ಅವಳೇ. ಕುಚ್ಚಲಕ್ಕಿ ಗಂಜಿ ಬಿಟ್ಟರೆ ಬೇರೇನೂ ಅರಿಯದ ನನ್ನ ಕೈಯಲ್ಲಿ ಮೊದಲ ದಿನ ಭಾರತದ ನಕಾಶೆ ಬಂತು, ಮರುದಿನ ಅದೂ ಹರಿದುಹೋಯಿತು.

"ತಣ್ಣೀರಿಗೆ ಜ್ವಾಳದ ಹಿಟ್ಟು ಹಿಡಿಯೂದಿಲ್ಲ, ತಂಗಿ. ಎಸರು ಕುದೀಬೇಕು. ಕುದಿಯೋ ನೀರು ಹಾಕಿ, ಅಂಗೈ ಸುಟ್ರೂ ಬಿಡದ ನಾದಬೇಕು." ಅವಳು ನಾದಿದ ಹಿಟ್ಟು ಬೆಣ್ಣೆಯ ಹಾಗೆ, ಒಂದು ಬಿರುಕಿಲ್ಲ.

ಪ್ರತಿ ಅಮಾವಾಸ್ಯೆ ಮಗ್ಗಕ್ಕೆ ರಜೆ. ಅಂದು ಆ ಹಿಟ್ಟಿನ ಒಂದು ದೊಡ್ಡ ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಡುತ್ತಿದ್ದಳು. "ಶಿರಹಟ್ಟಿ ಮಠಕ್ಕ ಹೋಗತಾರ. ಬರೋವಾಗ ಯಾವುದರ ಕೆರ್‍ಯಾಗ ಮೀನಿಗೆ ಹಿಟ್ಟು ಹಾಕಿ ಬರ್ತಾರ. ಮೂಕ ಜೀವಕ್ಕ ಅನ್ನ ಹಾಕಿದ್ರ ಪುಣ್ಯ."

ನಾನು ಬಂದ ಎರಡನೆಯ ತಿಂಗಳ ಅಮಾವಾಸ್ಯೆ. ಪಾಸಿನ ಕಿಂಡಿಯಲ್ಲಿ ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿದ ಒಬ್ಬರು ಬಿದಿರು ಕೋಲು ಗೋಡೆಗೆ ಆನಿಸಿ, "ಒಂದು ಪಾಸು ಕೊಡ್ರಿ," ಅಂದರು. ಹೆಸರು ಕೇಳಿ ತಲೆ ಎತ್ತಿದೆ. ಮಲ್ಲೇಶಪ್ಪ! ಅವರು ಟವೆಲ್ಲನ್ನು ಇನ್ನಷ್ಟು ಮೇಲಕ್ಕೆಳೆದರು.

"ನೀವು ಹಕ್ಕಿ ಆಫೀಸ ಅಂದಿದ್ರಿ," ಅಂದರು ಮೆತ್ತಗೆ.

"ನೀವು ಮಠ ಅಂದಿದ್ರಿ, ಕಾಕಾ."

"ಮಠಕ್ಕ ಹೋಗೇ ಬಂದೇನ್ರಿ. ಸುಳ್ಳಲ್ಲ."

"ಇಲ್ಲಿ ಹಕ್ಕಿಗಳೂ ಇದಾವೆ. ಸುಳ್ಳಲ್ಲ."

ಪಾಸು ಬರೆದುಕೊಟ್ಟೆ. ಅವರು ದಂಡೆಯಲ್ಲಿ ಕೂತು ನೀಲವ್ವನ ಹಿಟ್ಟನ್ನು ಚಿವುಟಿ ಗಾಳಕ್ಕೆ ಮೆತ್ತಿದರು. ಫಕ್ಕೀರಪ್ಪ ಹೇಳಿದ: "ಉಳಿದೋರ ಹಿಟ್ಟು ನೀರಾಗ ಕರಗಿ ಹೋಗತೈತ್ರಿ. ಕಾಕಾರ ಹಿಟ್ಟು ಜಪ್ಪಯ್ಯ ಅಂದ್ರೂ ಬಿಡೂದಿಲ್ಲ. ಹನ್ನೆರಡು ವರ್ಷದಿಂದ ಈ ಕೆರಿ ಮೀನಿಗೆ ಅವರ ಮನಿ ರುಚಿ ಹತ್ತೇತಿ."

ನನಗೆ ತಲೆ ತಿರುಗಿದ್ದು ಆಮೇಲೆ. ಅಷ್ಟುದ್ದದ ರೋಹು ಎಳೆದರು, ಬಾಯಿಂದ ಗಾಳ ಬಿಡಿಸಿದರು, ಬೆನ್ನು ಸವರಿದರು, ತಿರುಗಿ ನೀರಿಗೆ ಬಿಟ್ಟರು! ನಮ್ಮೂರಿನಲ್ಲಿ ಯಾರಾದರೂ ಹಿಡಿದ ಮೀನನ್ನು ಹೀಗೆ ಬಿಟ್ಟರೆ ಮನೆಯವರು ಜಾತಕ ತೋರಿಸುತ್ತಾರೆ. "ತಿನ್ನಾಂಗಿಲ್ಲಲ್ರಿ," ಅಂದರು ಮಲ್ಲೇಶಪ್ಪ. "ತಿಂಗಳೆಲ್ಲ ನಾ ದಾರ ಎಳೀತೇನಿ. ಒಂದ ದಿನ ಆ ಕಡಿಂದ ಯಾರರ ಎಳದ್ರ ಸಮಾಧಾನ."

ನನ್ನ ಪಾಪವೂ ಆ ತಿಂಗಳೇ ಅಂಚೆಯಲ್ಲಿ ಬಂತು. ಅಮ್ಮ ಒಣ ಸಿಗಡಿ ಚಟ್ನಿಯ ಡಬ್ಬಿ ಕಳಿಸಿದ್ದಳು. ಬಾಗಿಲಲ್ಲೇ ನೀಲವ್ವ ಡಬ್ಬಿ ನೋಡಿ ಕೇಳಿದಳು, "ಏನ ಬಂತು?"

"ಅಮ್ಮನ ಚಟ್ನಿಪುಡಿ."

"ಒಂದ ಚಮಚ ಕೊಡ, ರುಚಿ ನೋಡೂಣು."

"ಭಾರೀ ಖಾರ, ಅವ್ವಾರೆ."

"ಬ್ಯಾಡಗಿ ಮೆಣಸಿನಕಾಯಿ ತಿನ್ನೋರಿಗೆ ಖಾರ ಹೇಳ್ತಿ?"

ಡಬ್ಬಿಯ ಮುಚ್ಚಳವನ್ನು ತೆಗೆಯಲೇ ಇಲ್ಲ. ಮರುದಿನ ಅದು ಆಫೀಸಿನ ಕಪಾಟಿನಲ್ಲಿ ಹಳೆಯ ಕಡತಗಳ ಪಕ್ಕ ಸೇರಿತು. ಮಧ್ಯಾಹ್ನ ನೀಲವ್ವ ಕಟ್ಟಿಕೊಟ್ಟ ರೊಟ್ಟಿಗೆ ಅದನ್ನು ಹಚ್ಚಿಕೊಂಡರೆ, ಏನು ಹೇಳಲಿ, ಎರಡು ಊರೂ ಬಾಯಲ್ಲಿ.

ಹೀಗೆ ನಡೆದಿದ್ದರೆ ನಡೆಯುತ್ತಿತ್ತು. ಹೆಬ್ಬಾತು ಬಂದ ತಿಂಗಳ ಅಮಾವಾಸ್ಯೆಯ ದಿನ ಕಿಟಕಿಯಿಂದ ನೋಡುತ್ತೇನೆ, ಮಧ್ಯಾಹ್ನದ ಬಸ್ಸಿನಿಂದ ನೀಲವ್ವ ಇಳಿಯುತ್ತಿದ್ದಾಳೆ. ತಲೆಯ ಮೇಲೆ ಬುತ್ತಿ, ಕಂಕುಳಲ್ಲಿ ಕುಂಬಳಕಾಯಿಯಷ್ಟು ಹಿಟ್ಟಿನ ಉಂಡೆ. ಅತ್ತ ದಂಡೆಯಲ್ಲಿ ಮಲ್ಲೇಶಪ್ಪ ಕೋಲು ಹಿಡಿದು ಕೂತಿದ್ದಾರೆ.

"ನಮ್ಮನಿಯವರು ಒಬ್ಬರ ಪುಣ್ಯ ಕಟ್ಟಿಗೊಳ್ಳಾಕತ್ತಾರ, ನನಗೂ ಒಂದೀಟು ಇರ್ಲಿ ಅಂತ ಬಂದೆ. ನಿನ್ನ ಆಫೀಸನೂ ನೋಡಿದಂಗ ಆತು."

ಕಿಟಕಿಗೆ ಬೆನ್ನು ಮಾಡಿ ಅವಳನ್ನು ಕೂರಿಸಿದೆ. ಕಾಕಾನಿಗೆ ಹೇಳು ಎಂದು ಫಕ್ಕೀರಪ್ಪನಿಗೆ ಕಣ್ಸನ್ನೆ ಮಾಡಿದೆ. ಅವನು ಓಡಿದ. ಅಂಗಳದಲ್ಲೇ ಮುಂಡರಗಿಯಿಂದ ಬಂದವರು ಅವನನ್ನು ಹಿಡಿದುಕೊಂಡು, ಹೆಬ್ಬಾತು ರಾತ್ರಿ ಎಲ್ಲಿ ಮಲಗುತ್ತದೆ ಎಂದು ವಿಚಾರಿಸತೊಡಗಿದರು. ಹಕ್ಕಿಯ ವಿಷಯ ಸಿಕ್ಕಿದರೆ ಫಕ್ಕೀರಪ್ಪ ಹೆಂಡತಿಯನ್ನೂ ಮರೆಯುವವನು.

ನೀಲವ್ವ ಬುತ್ತಿ ಬಿಚ್ಚಿದಳು. "ಹಾಳಾಗ್ಲಿ, ಚಟ್ನಿ ಮರತ ಬಂದೇನಿ." ಕಣ್ಣು ಕಪಾಟಿಗೆ ಹೋಯಿತು. "ಅಲ್ಲೈತಲ್ಲ ನಿಮ್ಮವ್ವನ ಡಬ್ಬಿ! ಅವತ್ತ ಖಾರ ಅಂದು ತಪ್ಪಿಸಿದಿ." ನಾನು ಏಳುವುದರೊಳಗೆ ಮುಚ್ಚಳ ತೆಗೆದು ರೊಟ್ಟಿಯ ಮೇಲೆ ಒಂದು ಚಮಚ ಸುರುವಿ ತುತ್ತು ಮುರಿದಿದ್ದಳು. ಸುಮ್ಮನಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ನನಗೆ ಮನೆ ಉಳಿಯುತ್ತಿತ್ತು.

ಕೈ ಹಿಡಿದುಬಿಟ್ಟೆ. "ತಿನ್ನಬೇಡಿ ಅವ್ವಾರೆ. ಅದರಲ್ಲಿ ಮೀನಿದೆ. ಮನೆಯಲ್ಲಿ ಒಂದು ದಿನವೂ ತೆರೆದಿಲ್ಲ, ಆಣೆ."

ನೀಲವ್ವ ತುತ್ತನ್ನು ಮೆಲ್ಲಗೆ ಕೆಳಗಿಟ್ಟಳು.

"ಕೈ ತೊಳಿಯಾಕ ನೀರ ಎಲ್ಲೈತಿ?"

ನಲ್ಲಿ ಹಿತ್ತಲಲ್ಲಿ. ಅಲ್ಲಿಂದ ದಂಡೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಅವಳು ಕೈ ತೊಳೆದಳು, ತಲೆ ಎತ್ತಿದಳು, ಸೆರಗು ಸಿಕ್ಕಿಸಿ, ಒಳಗಿದ್ದ ಹಿಟ್ಟಿನ ಉಂಡೆಯನ್ನು ಕಂಕುಳಿಗೇರಿಸಿ ನಡೆದಳು. ನಾನು ಹಿಂದೆ ಓಡಿದೆ. ಮಲ್ಲೇಶಪ್ಪನ ಬೆನ್ನ ಹಿಂದೆ ನಿಂತು ಕೇಳಿದಳು:

"ಎಷ್ಟಾತ್ರಿ ಪುಣ್ಯ?"

ಅವರ ಜೀವವೆಲ್ಲ ದಾರದ ತುದಿಯಲ್ಲಿತ್ತು. "ಎರಡ ಆತು. ಒಂದ ತಪ್ಪಿಸಿಗೊಂಡ ಹೋತು," ಅಂದವರು ಆಮೇಲೆ ತಿರುಗಿದರು. ಕೋಲು ತಾನಾಗಿ ಕೈಯಿಂದ ಜಾರಿತು.

"ತಿನ್ನೂದಿಲ್ಲ, ಬಿಡತೇನಿ," ಎಂದು ತೊದಲಿದರು.

"ಊಟಕ್ಕ ಕರದು, ತುತ್ತಿನಾಗ ಸೂಜಿ ಇಟ್ಟು, ಮ್ಯಾಲ ಬೆನ್ನ ಸವರಿ ಕಳಸ್ತೀರಿ? ಇದು ಅನ್ನದಾನ! ಆ ತಂಗಿ ತಿನ್ನಾಕಂತ ತಿಂತಾಳ. ನಿಮ್ಮದೇನ್ರಿ?"

ನೀಲವ್ವ ದಂಡೆಯಲ್ಲಿ ಕೂತು ಉಂಡೆ ಮುರಿದು ಒಗೆದಳು. ನೀರು ಕುದಿಯುವ ಎಸರಿನ ಹಾಗೆ ಮೀನಿನಿಂದ ಅಲ್ಲಾಡಿತು. ಅವಳ ಮುಖ ಸಿಟ್ಟಿನಲ್ಲಿರಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. "ಅಯ್ಯ, ನೋಡ ತಂಗಿ, ಹೆಂಗ ಮುಗೀಬೀಳತಾವ!"

ಮೂವರೂ ಒಂದೇ ಬಸ್ಸಿನಲ್ಲಿ ತಿರುಗಿ ಬಂದೆವು. ಮನೆ ಮುಟ್ಟಿದಾಗ ನಾನೇ ಅಂದೆ, "ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಳ್ತೇನೆ, ಅವ್ವಾರೆ."

"ಯಾಕ? ತುತ್ತು ಬಾಯಿಗೆ ಬಂದಾಗ ಕೈ ಹಿಡದಾಕಿ ನೀ. ನಿನ್ನ ಹೊರಗ ಹಾಕಿ, ಹನ್ನೆರಡ ವರ್ಷ ಸುಳ್ಳ ಹೇಳಿ ನನ್ನ ಕಡಿಂದ ಹಿಟ್ಟ ನಾದಿಸಿದವರನ್ನ ಒಳಗ ಇಟ್ಕೊಳ್ಳೇನು?" ಮಗ್ಗದ ಕಡೆ ಒಮ್ಮೆ ನೋಡಿದಳು. "ಡಬ್ಬಿ ಮಾತ್ರ ಅಲ್ಲೇ ಇರ್ಲಿ."

ಈಗಲೂ ಅಮಾವಾಸ್ಯೆಗೆ ಮಲ್ಲೇಶಪ್ಪ ಬರುತ್ತಾರೆ, ಜೊತೆಗೆ ನೀಲವ್ವ. ಗಾಳವಿಲ್ಲದ ಬರೀ ದಾರಕ್ಕೆ ಹಿಟ್ಟು ಕಟ್ಟಿ ಬಿಡುತ್ತಾರೆ. ಮೀನು ಒಂದು ಸಲ ಜಗ್ಗಿ, ಹಿಟ್ಟು ಕಿತ್ತುಕೊಂಡು ಹೋಗುತ್ತದೆ. ಅಷ್ಟಕ್ಕೂ ಪಾಸು ಬೇಕೆಂದು ಹಟ ಹಿಡಿಯುತ್ತಾರೆ. ಪಾಸು ಕೈಯಲ್ಲಿದ್ದರೇ ಅವರಿಗೆ ಗಾಳ ಹಾಕಿದ ಹಾಗೆ ಅನ್ನಿಸುವುದಂತೆ.

ಮೊನ್ನೆ ರಜೆಯಲ್ಲಿ ಊರಿಗೆ ಬಂದಾಗ ಜೋಳದ ಹಿಟ್ಟು ತಂದಿದ್ದೆ. ಅಮ್ಮ ನನ್ನ ರೊಟ್ಟಿಯನ್ನು ಬೆರಳಿಂದ ಬಡಿದು ನೋಡಿ, "ಇದೆಂತದೇ ಮಾರಾಯ್ತಿ, ಹಂಚಿನ ಬದಲು ಮಾಡಿಗೆ ಹೊದೆಸೂಕಾ?" ಅಂದಳು. ಬಂಗುಡೆ ಸಾರಿಗೆ ಅನ್ನ ಕಲಸುತ್ತ ಕೂತಿದ್ದೆ. ಕೈ ಮಾತ್ರ ತಟ್ಟೆಯ ಬದಿಯಲ್ಲಿ ರೊಟ್ಟಿಯ ಚೂರಿಗೆ ತಡಕಾಡುತ್ತಿತ್ತು. ಅಮ್ಮನ ಮನೆಗೆ ರೊಟ್ಟಿ ಸೇರಲಿಲ್ಲ, ನೀಲವ್ವನ ಮನೆಗೆ ಸಿಗಡಿ ಸೇರುವಂತಿಲ್ಲ.

ಮರಳಿ ಬಂದ ಮೊದಲ ಬೆಳಿಗ್ಗೆ ನೀಲವ್ವ ಬುತ್ತಿ ಕಟ್ಟಿದಳು. ಮೂರು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು. ಇನ್ನೊಂದನ್ನು ಬೇರೆಯಾಗಿ ಬಾಳೆಎಲೆಯಲ್ಲಿ ಮಡಚಿ, ನನ್ನ ಮುಖ ನೋಡದೆ ಮೇಲಿಟ್ಟಳು.

"ಇದೊಂದು ಆ ನಿನ್ನ ಡಬ್ಬಿಗೆ. ಎಲಿ ಅಲ್ಲೇ ಒಗದ ಬಾ."