ಲಲ್ಲಾ ಮನ್ನೂಬಿಯಾ ತೂಗುವ ಮನೆಗಳು

"ನಿನ್ನ ಮನೆ ತುಂಬಿದೆ, ಇವತ್ತೇ ಖಾಲಿ ಮಾಡು" ಎಂಬ ಸಂದೇಶ ಓದಿ ಬಾಡಿಗೆ ಕೋಣೆಯ ಹಾಸಿಗೆ ಸುತ್ತಿದ ಮಹಾಶಯ ನಾನು. ಕಡಲ ತೀರದ ಊರು ಸ್ಫಾಕ್ಸ್‌ನ ನಮ್ಮ ಹವಾಮಾನ ಕಚೇರಿಯ ಸರ್ವರ್‌ನಲ್ಲಿ ಪ್ರತಿಯೊಬ್ಬರ ಫೈಲುಗಳ ಜಾಗಕ್ಕೂ 'ಮನೆ' ಎಂದೇ ಹೆಸರೆಂದು ಆಮೇಲೆ ತಿಳಿಯಿತು. ಕಳಿಸಿದವರು ಆ ಸರ್ವರ್‌ನ ಯಜಮಾನಿ, ನಾವೆಲ್ಲ 'ಲಲ್ಲಾ', ಅಂದರೆ ಅಮ್ಮಾವ್ರು, ಎಂದು ಕರೆಯುವ ಮನ್ನೂಬಿಯಾ. ಮೌಸ್ ಮುಟ್ಟುವವರಲ್ಲ, ಒಂದು ಕೈಯಲ್ಲಿ ಹರೀಸಾ ಖಾರ ಮೆತ್ತಿದ ರೊಟ್ಟಿ, ಇನ್ನೊಂದರಿಂದ ಕಪ್ಪು ಪರದೆಗೆ ಒಂದು ಸಾಲು ಬಡಿದರೆ ಯಾರ ಫೈಲು ಎಷ್ಟು ಜಾಗ ತಿಂದಿದೆಯೆಂದು ಎಲ್ಲರ ಮನೆಯ ತೂಕವೂ ಹೊರಬೀಳುತ್ತದೆ. ಕೂಡಲೇ ಪಕ್ಕದ ಮೇಜಿನವನಿಗೆ ಬೀದಿಗೆ ಕೇಳುವಂತೆ ಕೂಗು: "ಏ ಮೆಹ್ರೇಜ್ ಸಾಹೇಬ, ತಂಗಿ ಮದುವೆ ಒಂದೇ ಸಲ ಆಯ್ತಲ್ಲ, ವಿಡಿಯೋ ಯಾಕಪ್ಪಾ ಆರು?" ತಮ್ಮ ಜಾಗದ ಮಿತಿ ಹೆಚ್ಚಿಸಿ ಎಂದ ನಿರ್ದೇಶಕರಿಗೂ "ಮೊದ್ಲು ಕಸ ಗುಡಿಸಿ" ಎಂದೇ ಉತ್ತರ. ಆದರೆ ಮೀನುಗಾರರಿಗೆ ಎಚ್ಚರಿಕೆ ಹೊರಡಬೇಕಿದ್ದ ದಿನ, ಜಾಗ ಸಾಲದೆ ನನ್ನ ಬಿರುಗಾಳಿಯ ಲೆಕ್ಕ ಅರ್ಧದಲ್ಲೇ ನಿಲ್ಲುವಂತಿದ್ದಾಗ, ನನ್ನ ಮಿತಿ ಕೇಳದೆಯೇ ದುಪ್ಪಟ್ಟಾಗಿತ್ತು. "ಯಾರ ಮನೆ ಮುರಿದು ಕೊಟ್ರಿ, ಲಲ್ಲಾ?" ಎಂದೆ. "ನಂದೇ. ಬೇಗ ಮುಗ್ಸಿ ನಿನ್ನ ಮನೇಲಿ ತುಂಬಿರೋ ಬೆಕ್ಕಿನ ಫೋಟೋಗಳನ್ನ ಅಳಿಸು, ನಾನಿಲ್ಲಿ ಬೀದೀಲಿ ನಿಂತಿದೀನಿ!"