ತ್ಯಾಗಲಿಯಿಂದ ಇಡಗುಂದಿಗೆ, ಮಾರಲು ಹೊರಟ ಕಾರಿನಲ್ಲಿ

ನವೆಂಬರಿನ ಎರಡನೇ ಶನಿವಾರ ಮಧ್ಯಾಹ್ನ ಎರಡೂವರೆಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೈಗಿಟ್ಟರು. ಎರಡೇ ಸೀಟಿನ, ಟಾಪು ಮಡಚಿ ಹಿಂದೆ ಹಾಕಬಹುದಾದ, ಕಡುನೀಲಿ ಸ್ಪೋರ್ಟ್ಸ್ ಕಾರಿನ ಒಡತಿ ಹೀಗೆ ಪುಕ್ಕಟೆ ಬಸ್ಸಿನಲ್ಲಿ ಹೊರಟದ್ದು ಅದೇ ಕಾರನ್ನು ತರಲಿಕ್ಕೆ. ತಂದು, ಮರುದಿನ ಯಲ್ಲಾಪುರದಲ್ಲಿ ಮಾರಲಿಕ್ಕೆ.

ನಾನು ಶಿರಸಿಯಲ್ಲಿ ಹಲ್ಲಿನ ಡಾಕ್ಟರು. ವಯಸ್ಸು ಐವತ್ತೆರಡು. ನಲವತ್ತೊಂಬತ್ತಕ್ಕೆ ಆ ಕಾರು ಕೊಂಡೆ, ಮಂಗಳೂರಿನ ಒಬ್ಬರಿಂದ, ಸೆಕೆಂಡ್ ಹ್ಯಾಂಡ್. ಯಾಕೆ ಕೊಂಡಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೆ: ಓಡಿಸಲಿಕ್ಕೆ. ಮೂರು ವರ್ಷದಲ್ಲಿ ನಾನು ಓಡಿಸಿದ್ದು ಮೂರು ಸಾವಿರ ಕಿಲೋಮೀಟರೂ ಆಗಿರಲಿಲ್ಲ. ಕಿಲೋಮೀಟರು ಹೆಚ್ಚಿದಷ್ಟೂ ಮಾರುವಾಗ ಬೆಲೆ ಇಳಿಯುತ್ತದೆಂಬ ಒಂದೇ ಯೋಚನೆ. ಸ್ಟಾರ್ಟ್ ಮಾಡಿದ ಕೂಡಲೇ ಎದೆಯೊಳಗೆ ಏಳುವ ಖುಷಿ, ಮೀಟರಿನ ಅಂಕಿ ಒಂದು ಮುಂದೆ ಹೋದ ಕೂಡಲೇ ತಣ್ಣಗಾಗುತ್ತಿತ್ತು. ಕೊನೆಗೆ, ಈ ಕಿರಿಕಿರಿಗಿಂತ ಬೆಲೆ ಇರುವಾಗಲೇ ಕೊಟ್ಟುಬಿಡುವುದೇ ಲೇಸು, ಆ ದುಡ್ಡಿನಲ್ಲಿ ಕ್ಲಿನಿಕ್ಕಿಗೆ ಹಲ್ಲು ನೋಡುವ ಎರಡನೇ ಕುರ್ಚಿ ಹಾಕಿಸುತ್ತೇನೆ ಎಂದು ಮನೆಯಲ್ಲಿ ಘೋಷಿಸಿದ್ದೆ. ನನ್ನ ಗಂಡ, ಕಾಲೇಜಿನಲ್ಲಿ ಇತಿಹಾಸ ಹೇಳುವವರು, "ಅಡ್ಡಿಲ್ಲೆ" ಎಂದಿದ್ದರು. ಅವರು ಎಲ್ಲದಕ್ಕೂ ಹಾಗೆಯೇ ಅನ್ನುತ್ತಾರೆ.

ಈ ಬೆಲೆಯ ಚಿಂತೆ ನನ್ನೊಬ್ಬಳ ಕಾಯಿಲೆಯಲ್ಲ, ಊರಿನದು. ನಮ್ಮ ಕಡೆ ಅಡಿಕೆಯನ್ನು ಒಣಗಿಸಿ, ಸುಲಿದು, ಚೀಲ ಕಟ್ಟಿ, ರೇಟು ಬರಲಿ ಎಂದು ವರ್ಷಗಟ್ಟಲೆ ಇಡುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಮೊದಲೇ "ರೇಟು ಹ್ಯಾಂಗಿದ್ದು?" ಎಂಬ ಪ್ರಶ್ನೆ ಬೀಳುತ್ತದೆ. ಇಟ್ಟಷ್ಟೂ ಲಾಭ ಎಂಬ ಮಾತನ್ನು ಹಾಲಿನ ಜೊತೆ ಕುಡಿದು ಬೆಳೆದವಳು ನಾನು. ಕಾರನ್ನೂ ಹಾಗೆಯೇ ಇಟ್ಟಿದ್ದೆ.

ಸಿದ್ದಾಪುರ ಮುಟ್ಟುವಾಗ ಮೂರೂಮುಕ್ಕಾಲು. ಬಿಸಿಲು ಚೆನ್ನಾಗಿತ್ತು, ಗಾಳಿಯಲ್ಲಿ ಸಣ್ಣಗೆ ಚಳಿ. ಗಂಡನ ಅಕ್ಕ ಸರಸ್ವತಿ ಅತ್ತಿಗೆ ಪೇಟೆಯ ಕೆಲಸ ಮುಗಿಸಿ ಜೀಪಿನಲ್ಲಿ ಕಾಯುತ್ತಿದ್ದರು. ಅರವತ್ತೊಂದು ವರ್ಷ, ಪ್ರಾಥಮಿಕ ಶಾಲೆಯ ನಿವೃತ್ತ ಟೀಚರು. ಈಗ ತ್ಯಾಗಲಿಯಲ್ಲಿ ತೋಟವನ್ನೂ ಜೀಪನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ನಡೆಸುತ್ತಾರೆ.

"ಬಾರೆ ವೀಣಾ, ಹತ್ತು. ಇದಕ್ಕೆ ಹತ್ತವು, ನಿನ್ನ ಗಾಡಿಗೆ ಇಳಿಯವು" ಎಂದು ನಕ್ಕರು. ಜೀಪಿಗೆ ಹತ್ತಬೇಕು, ನನ್ನ ಕಾರಿಗೆ ಇಳಿಯಬೇಕು; ಅದರ ಸೀಟು ನೆಲದಿಂದ ಒಂದು ಮೊಳದಷ್ಟು ಮೇಲಿದೆ, ಅಷ್ಟೆ. ಎರಡು ವರ್ಷದಿಂದ ನನ್ನ ಬಲ ಮೊಣಕಾಲು ಅದರೊಳಗೆ ಇಳಿಯುವಾಗೊಮ್ಮೆ, ಏಳುವಾಗೊಮ್ಮೆ ನೋಯುತ್ತದೆ.

ದಾರಿಯಲ್ಲಿ ಕೇಳಿದರು: "ಎಂತಕ್ಕೆ ಮಾರ್ತೆ? ಬ್ಯಾಸರ ಬಂತಾ?"

"ಬ್ಯಾಸರ ಬಪ್ಪಷ್ಟು ಓಡ್ಸಿದ್ನೇ ಇಲ್ಲೆ ಅತ್ತಿಗೆ."

"ಅದೇ ಕೇಳ್ತಾ ಇದ್ದೆ" ಎಂದು ಗೇರು ಬದಲಿಸಿದರು.

ಕಾರು ಜೂನ್ ತಿಂಗಳಿಂದ ತ್ಯಾಗಲಿಯಲ್ಲೇ ಇತ್ತು. ಮೊದಲ ವರ್ಷದ ಮಳೆಗಾಲದಲ್ಲಿ ಶಿರಸಿಯ ಮನೆಯ ಶೆಡ್ಡಿನಲ್ಲಿ ಕವರು ಹೊದೆಸಿ ಇಟ್ಟಿದ್ದೆ. ತೆಗೆದು ನೋಡಿದರೆ ಚರ್ಮದ ಸೀಟಿನ ಮೇಲೆಲ್ಲ ಬೂಷ್ಟು. ಆ ದಿನ ನನಗೆ ಊಟ ಸೇರಲಿಲ್ಲ. ಈ ವರ್ಷ ಅತ್ತಿಗೆಯೇ ಉಪಾಯ ಹೇಳಿದ್ದರು. ಮಳೆಗಾಲದಲ್ಲಿ ಅಡಿಕೆ, ಜಾಯಿಕಾಯಿ ಒಣಗಿಸಲು ಅವರದ್ದೊಂದು ಡ್ರೈಯರ್ ಮನೆ ಇದೆ. ಅಡಿಕೆ ಸಿಪ್ಪೆಯ ಬೆಂಕಿ ಹಾಕಿ ಕೋಣೆಯನ್ನು ಬೆಚ್ಚಗಿಡುತ್ತಾರೆ. ಅದಕ್ಕೆ ತಾಗಿದ ಕೋಣೆಯಲ್ಲಿ ಕಾರು ನಿಲ್ಲಿಸಿದರೆ ಬೂಷ್ಟಿನ ಮಾತೇ ಇಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದನ್ನೂ ಅವರೇ ವಹಿಸಿಕೊಂಡಿದ್ದರು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದು ನೋಡಿದೆ. ಸೀಟು ಹೊಸದರಂತೆ ಹೊಳೆಯುತ್ತಿತ್ತು, ಎಲ್ಲಿಯೂ ಒಂದು ಚುಕ್ಕೆಯಿಲ್ಲ. ಇಬ್ಬರೂ ನಮ್ಮ ಬುದ್ಧಿವಂತಿಕೆಗೆ ನಾವೇ ಬೆನ್ನು ತಟ್ಟಿಕೊಂಡೆವು. ಅಂಗಳದಿಂದ ರಸ್ತೆಗೆ ಹೋಗುವಲ್ಲಿ ಅಡ್ಡ ಒಂದು ಸಣ್ಣ ಕಾಲುವೆ. ಜೀಪು ಹಾರಿ ದಾಟುತ್ತದೆ, ನನ್ನ ಕಾರಿನ ಹೊಟ್ಟೆ ಕೆರೆಯುತ್ತದೆ. ಅತ್ತಿಗೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಎರಡು ಸಾಲಾಗಿ ಹಾಸಿ, ಎದುರು ನಿಂತು, ಮಕ್ಕಳಿಗೆ ಡ್ರಿಲ್ಲು ಮಾಡಿಸುವವರ ಹಾಗೆ ಕೈ ಆಡಿಸಿದರು. "ಎಡಕ್ಕೆ, ಎಡಕ್ಕೆ ಹೇಳಿ ಹೇಳ್ದೆ!" ದಾಟಿದ ಮೇಲೆ ದಬ್ಬೆಗಳನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ಎಡಗಡೆಯ ಸೀಟಿಗೆ ಇಳಿದು ಕೂತರು. ಯಲ್ಲಾಪುರದಲ್ಲಿ ಮಾರಿ ಆದ ಮೇಲೆ ಇಬ್ಬರೂ ಬಸ್ಸಿನಲ್ಲಿ ಮರಳುವುದೆಂದು ನಿಶ್ಚಯವಾಗಿತ್ತು.

ಶಿರಸಿಯಲ್ಲಿ ಹದಿನೈದು ಲೀಟರ್ ಪೆಟ್ರೋಲು ಹಾಕಿಸಿದೆ. ಕೊಳ್ಳುವವರಿಗೆ ಟ್ಯಾಂಕು ತುಂಬಿಸಿ ಕೊಡುವ ಧಾರಾಳ ಯಾಕೆಂದು ಅಷ್ಟಕ್ಕೇ ನಿಲ್ಲಿಸಿದೆ. ಅಲ್ಲಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರು. ಮಂಚಿಕೇರಿಯವರೆಗೆ ನಾನು ಓಡಿಸಿದ್ದು ಹೆಣ ಹೊತ್ತವರ ನಡಿಗೆಯಲ್ಲಿ. ಮುಂದಿನ ಟಿಪ್ಪರಿನಿಂದ ಕಲ್ಲು ಸಿಡಿದೀತೆಂದು ದೂರ, ಹಿಂದಿನ ಬೈಕು ತಾಗೀತೆಂದು ಬದಿಗೆ. ಅತ್ತಿಗೆಗೆ ತಡೆಯಲಿಲ್ಲ.

"ಇದು ಜೋರು ಹೋಗ್ತು ಹೇಳಿ ಕೇಳಿದ್ದಿ. ಸುಳ್ಳಾ?"

"ಇನ್ನೆರಡು ತಾಸು ಎಂತೂ ಆಗ್ದೇ ಇರ್ಲಿ ಹೇಳಿ."

"ಯಂಗೆ ಎಂತೂ ಆಪ್ಪದು ಬೇಡ. ನಿದ್ದೆ ಬತ್ತಾ ಇದ್ದು, ಅಷ್ಟೇಯ."

ಮಂಚಿಕೇರಿಯಲ್ಲಿ ಚಹಾ ಕುಡಿದೆವು. ಹೋಟೆಲಿನ ಎದುರು ನಿಂತಿದ್ದ ಒಬ್ಬರು ಕಾರಿನ ಸುತ್ತ ಒಂದು ಸುತ್ತು ಬಂದು, "ಹೊಸಾದಾ?" ಎಂದರು. ಮೂರು ವರ್ಷವಾಯಿತು ಅಂದೆ. "ಓಡಿಸಿದ್ದೇ ಕಾಣೂದಿಲ್ಲ" ಎಂದು ಹೊಗಳಿದರು. ಹಿಂದೆ ಇದೇ ಮಾತು ಕೇಳಿದಾಗ ಹಿಗ್ಗುತ್ತಿದ್ದೆ. ಆ ದಿನ ಯಾಕೋ ಚಹಾ ಸಪ್ಪೆಯೆನಿಸಿತು.

ಯಲ್ಲಾಪುರ ತಲುಪಿದ್ದು ಹನ್ನೊಂದೂವರೆಗೆ. ಕೊಳ್ಳಲು ಬಂದವರು ಹುಬ್ಬಳ್ಳಿಯ ಪಾಟೀಲರು, ಟೈಲ್ಸ್ ವ್ಯಾಪಾರದವರು. ಅಚ್ಚುಕಟ್ಟಾದ ಬಿಳಿ ಅಂಗಿ, ಮೃದು ಮಾತು, ನೋಡಿಕೊಂಡ ಹಲ್ಲು. ಎಪ್ಪತ್ತು ಕಿಲೋಮೀಟರು ಬಂದಿದ್ದರೂ ನಮಗಿಂತ ಮೊದಲೇ ಮುಟ್ಟಿ, ಪೇಟೆಯ ಒಂದು ಹೋಟೆಲಿನಲ್ಲಿ ಮೇಜು ಹಿಡಿದಿದ್ದರು. "ಬರ್ರಿ ಡಾಕ್ಟರ್ರ, ಕುಂಡ್ರಿ. ಮೊದಲ ನಾಷ್ಟಾ ಮಾಡೂಣು" ಎಂದು ಬನ್ಸು-ಭಾಜಿ ತರಿಸಿದರು. ಬನ್ಸು ಬಿಸಿಯಾಗಿತ್ತು. ಅತ್ತಿಗೆ ಎರಡು ತಿಂದರು.

ಆಮೇಲೆ ಕಾರು ನೋಡಿದರು. ನೋಡುವುದೆಂದರೆ ಹೇಗೆಂದು ಅವರಿಂದ ಕಲಿಯಬೇಕು. ಟೈರಿಗೆ ಬೆರಳು ಹಾಕಿದರು, ಬಾನೆಟ್ಟಿನ ಸಂದಿಗೆ ಟಾರ್ಚು ಬಿಟ್ಟರು, ಬಾಗಿಲನ್ನು ನಾಲ್ಕು ಸಲ ಮುಚ್ಚಿ ಸದ್ದು ಕೇಳಿದರು. ತೃಪ್ತಿಯಿಂದ ಒಳಗೆ ಕೂತು ಬಾಗಿಲು ಹಾಕಿಕೊಂಡವರು ಅರ್ಧ ನಿಮಿಷದಲ್ಲಿ ಹೊರಗೆ ಬಂದರು. ಮುಖ ಬದಲಾಗಿತ್ತು.

"ಡಾಕ್ಟರ್ರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಗಾಡಿಗೆ ಯಾವಾಗರ ಬೆಂಕಿ ಹತ್ತಿತ್ತೇನ್ರಿ?"

ಯಾವ ಬೆಂಕಿ ಎಂದು ಕೇಳಿದೆ.

"ಒಳಗ ಹೊಗಿ ವಾಸನಿ ಹೊಡ್ಯಾಕತ್ತೈತ್ರಿ."

ಬಗ್ಗಿ ಮೂಸಿದೆ. ನನಗೆ ಏನೂ ಗೊತ್ತಾಗಲಿಲ್ಲ. ಅತ್ತಿಗೆಯೂ ಮೂಸಿ, "ಎಂತ ವಾಸನೆಯೂ ಇಲ್ಲೆ" ಎಂದರು. ಗೊತ್ತಾಗುವುದಾದರೂ ಹೇಗೆ? ಮಳೆಗಾಲದಲ್ಲಿ ನಮ್ಮ ಸೀರೆ, ಕಂಬಳಿ, ಪುಸ್ತಕ, ಹಪ್ಪಳ ಎಲ್ಲದಕ್ಕೂ ಇರುವುದು ಅದೇ ವಾಸನೆ. ಐದು ತಿಂಗಳು ಅಡಿಕೆ ಸಿಪ್ಪೆಯ ಹೊಗೆ ಕುಡಿದ ಚರ್ಮದ ಸೀಟು ನಮ್ಮ ಮೂಗಿಗೆ ಮನೆಯಂತೆಯೇ ಇತ್ತು. ಅತ್ತಿಗೆ ಡ್ರೈಯರ್ ಮನೆಯ ವಿಚಾರವನ್ನೆಲ್ಲ ಬಿಡಿಸಿ ಹೇಳಿದರು. ಪಾಟೀಲರು ಪೂರ್ತಿ ಕೇಳಿ, ಕೈ ಮುಗಿದು, "ನೀವು ಹೇಳೂದು ಖರೇ ಇರಬಹುದ್ರಿ ಅಕ್ಕಾರ. ಆದ್ರ ನಾಳೆ ನಾ ಮಾರೂ ಮುಂದ ಇದನ್ನೆಲ್ಲಾ ಯಾರಿಗೆ ಹೇಳ್ಲಿ?" ಎಂದರು. ಮಾತಾಡಿದ್ದ ಬೆಲೆಯಲ್ಲಿ ಎರಡು ಲಕ್ಷ ಕಡಿಮೆ ಮಾಡಿದರು.

ಬೆಲೆ ಉಳಿಸಲೆಂದು ಮಾಡಿದ ಉಪಾಯವೇ ಬೆಲೆ ತಿಂದಿತ್ತು. ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. "ಒಮ್ಮೆ ಓಡಿಸಿ ನೋಡಿ. ಆಮೇಲೆ ಹೇಳಿ" ಎಂದು ಕೀಲಿ ಮುಂದೆ ಹಿಡಿದೆ.

ಪಾಟೀಲರು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ್ರಿ. ಸುಮ್ನ ಕಿಲೋಮೀಟರ್ ಬೀಳ್ತಾವು. ನಾ ಓಡ್ಸಂಗಿಲ್ರಿ ಇದನ್ನ. ಲಾರಿ ಮ್ಯಾಲ ಒಯ್ತೀನಿ. ಈ ಮಾಡೆಲ್ ಬರೂದು ಬಂದ್ ಆಗೇತಿ, ಐದಾರು ವರ್ಷ ಹೊದಿಸಿ ಇಟ್ರ ರೇಟ್ ಬರ್ತೈತಿ."

ಆ ಬಿಳಿ ಅಂಗಿಯೊಳಗೆ ನಿಂತು ಮಾತಾಡುತ್ತಿದ್ದವಳು ನಾನೇ. ದಿನಕ್ಕೆ ಇಪ್ಪತ್ತು ಜನರ ಬಾಯಿ ನೋಡುತ್ತೇನೆ. ಹಲ್ಲು ಸವೆದೀತೆಂದು ಉಣ್ಣುವುದನ್ನು ಬಿಟ್ಟವರನ್ನು ಇದುವರೆಗೆ ಕಂಡಿಲ್ಲ. ನಾನು ಮಾತ್ರ ಮೂರು ವರ್ಷ ಅದನ್ನೇ ಮಾಡಿದ್ದೆ. ಗಾಡಿ ನಿಂತಿತ್ತು, ನನ್ನ ವಯಸ್ಸು ನಿಂತಿರಲಿಲ್ಲ. ಇನ್ನು ಐದು ವರ್ಷ ಇಟ್ಟರೆ ಗಾಡಿಗೆ ರೇಟು ಬಂದೀತು, ಅದರೊಳಗೆ ಇಳಿಯಲು ನನ್ನ ಮೊಣಕಾಲು ಒಪ್ಪಬೇಕಲ್ಲ.

"ಒಂದು ತಾಸು ಕೊಡಿ" ಎಂದೆ. ಪಾಟೀಲರು ಗಡಿಯಾರ ನೋಡಿಕೊಂಡು ಮತ್ತೊಂದು ಚಹಾ ಹೇಳಿದರು. ಅತ್ತಿಗೆ ಆಗಲೇ ಸೀಟಿನಲ್ಲಿದ್ದರು.

ಟಾಪು ಮಡಚಿ ಹಿಂದೆ ಹಾಕಿದೆ. ಅಂಕೋಲಾ ರಸ್ತೆ ಹಿಡಿದು ಇಡಗುಂದಿಯ ಕಡೆ ಹೊರಟೆ. ಊರು ದಾಟಿ, ಲಾರಿಗಳ ಸಾಲು ಮುಗಿದು, ಎದುರಿನ ರಸ್ತೆ ದೂರದವರೆಗೆ ಖಾಲಿಯಾಗಿ ಕಂಡಲ್ಲಿ ಕಾಲು ಒತ್ತಿದೆ. ಇಂಜಿನ್ನು ಆ ದನಿ ತೆಗೆದದ್ದನ್ನು ನಾನು ಹಿಂದೆ ಕೇಳಿರಲೇ ಇಲ್ಲ. ಬೆನ್ನು ಸೀಟಿಗೆ ಅಂಟಿಕೊಂಡಿತು. ತಿರುವಿಗೆ ಮೊದಲು ಒಂದು ಗೇರು ಇಳಿಸಿ ಸ್ಟೇರಿಂಗು ಹೊರಳಿಸಿದರೆ, ಮನಸ್ಸಿನಲ್ಲಿ ಅಂದುಕೊಂಡ ಜಾಗಕ್ಕೆ ಗಾಡಿ ಹೋಗಿ ಕೂರುತ್ತಿತ್ತು. ಕಾಡಿನ ನೆರಳು, ಬಿಸಿಲು, ಮತ್ತೆ ನೆರಳು. ಒಣಗಿದ ಹುಲ್ಲಿನ ವಾಸನೆ, ಎಲ್ಲೋ ಹಸಿ ಮಣ್ಣಿನ ತಂಪು. ಖುಷಿಯಾಯಿತು. ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ. ನಿಜವಾಗಿ, ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು. ಅತ್ತಿಗೆ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಬಾಗಿಲು ಹಿಡಿದು ಶಾಲೆಯ ಹುಡುಗಿಯಂತೆ ಕೂಗುತ್ತಿದ್ದರು.

ಇಡಗುಂದಿಯ ಹತ್ತಿರ ಬದಿಗೆ ನಿಲ್ಲಿಸಿದಾಗ ಇಬ್ಬರ ಕೂದಲೂ ಕೆದರಿತ್ತು. ಅಷ್ಟರಲ್ಲಿ ಫೋನು ಬಂತು. ಪಾಟೀಲರು. ಹುಬ್ಬಳ್ಳಿಯ ಮೆಕ್ಯಾನಿಕ್ಕನ್ನು ಕೇಳಿದರಂತೆ. ಬೆಂಕಿ ಹತ್ತಿದ್ದರೆ ವಯರು, ಬಣ್ಣ ಹಾಗೇ ಉಳಿಯುವುದಿಲ್ಲ, ವಾಸನೆ ತೊಳೆದರೆ ಹೋಗುತ್ತದೆ ಎಂದನಂತೆ.

"ನಂದ ತಪ್ಪಾತ್ರಿ. ಮೊದಲ ಮಾತಾಡಿದ್ದು ಪೂರಾ ಕೊಡ್ತೀನಿ. ಈಗ ಇಲ್ಲೇ, ಎಲ್ಲಾ ಒಮ್ಮೆಲೇ."

ಪೂರಾ ಬೆಲೆ. ಕ್ಲಿನಿಕ್ಕಿನ ಎರಡನೇ ಕುರ್ಚಿ ಕಣ್ಣೆದುರು ಬಂದು ನಿಂತಿತು. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಬೆಲೆ ಇಳಿಸಿದ ಸಿಟ್ಟಿಗೆ ಬೇಡ ಅಂದಿದ್ದರೆ ಸುಲಭವಿತ್ತು. ಈಗ ಆ ನೆಪವೂ ಇರಲಿಲ್ಲ.

"ಕೊಡೂದಿಲ್ಲ ಪಾಟೀಲ್ರೇ. ನಿಮ್ಮನ್ನ ಯಲ್ಲಾಪುರದವರೆಗೆ ಬರಿಸಿದ್ದಕ್ಕೆ ಕ್ಷಮಿಸಿ. ನಂಗೆ ನಾಳೆ ಗಾಡಿ ಬೇಕು."

"ನಾಳೆ ಎಲ್ಲಿಗ್ ಹೊಂಟೀರಿ?"

"ಇನ್ನೂ ಗೊತ್ತಿಲ್ಲ."

ಅವರು ದೊಡ್ಡದಾಗಿ ನಕ್ಕರು. "ಆತ್ರಿ. ಮನಸು ಬದಲಾದ್ರ ಫೋನ್ ಮಾಡ್ರಿ" ಎಂದರು. ಬನ್ಸಿನ ಬಿಲ್ಲನ್ನೂ ಅವರೇ ಕೊಟ್ಟಿದ್ದರು.

ಮರಳುವಾಗ ಯಲ್ಲಾಪುರದಲ್ಲಿ ಟ್ಯಾಂಕು ಪೂರ್ತಿ ತುಂಬಿಸಿದೆ. ಬೇಡ್ತಿ ಹೊಳೆಯ ಬಳಿ ಅರ್ಧ ತಾಸು ಸುಮ್ಮನೆ ಕೂತೆವು, ಅತ್ತಿಗೆ ಕಟ್ಟಿ ತಂದಿದ್ದ ಬುತ್ತಿಯ ಚಪಾತಿ ತಿಂದೆವು. ಶಿರಸಿಯಲ್ಲಿ ಅತ್ತಿಗೆಯನ್ನು ಸಂಜೆಯ ಬಸ್ಸಿಗೆ ಬಿಟ್ಟು ಮನೆಗೆ ಬಂದಾಗ ಐದೂವರೆ. ನನ್ನ ಗಂಡ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕಾರು ಕಂಡು ಕನ್ನಡಕ ತೆಗೆದರು.

"ಎಂತ ಆತೆ? ಅಂವ ಬಂದಿದ್ನಿಲ್ಯ?"

"ಬಂದಿದ್ದ. ಪೂರಾ ಕೊಡ್ತೆ ಹೇಳ್ದ. ಆನೇ ಕೊಟ್ಟಿದ್ನಿಲ್ಲೆ."

ಅವರು ಉತ್ತರಪತ್ರಿಕೆಗಳನ್ನು ಕಟ್ಟಿಟ್ಟು ಒಳಗೆ ಹೋದರು. ಕುರ್ಚಿಯ ದುಡ್ಡಿಗೆ ಇನ್ನೇನು ಹೇಳುತ್ತಾರೋ ಎಂದು, ಉತ್ತರಗಳನ್ನು ಜೋಡಿಸಿಕೊಳ್ಳುತ್ತ ಕಾರಿನಲ್ಲೇ ಕೂತಿದ್ದೆ. ಹೊರಗೆ ಬಂದವರ ಕಿವಿಗೆ ಮಫ್ಲರು, ಮೈಮೇಲೆ ಸ್ವೆಟರು. ಎಡಗಡೆಯ ಬಾಗಿಲು ತೆಗೆದು, ಮೆಲ್ಲಗೆ ಇಳಿದು ಕೂತರು. ಕಾರು ತಂದ ದಿನ ಪೂಜೆಗೆಂದು ಕೂರಿಸಿದ್ದು ಬಿಟ್ಟರೆ ಅವರನ್ನು ನಾನು ಅದರಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಇಬ್ಬರು ಕೂತರೆ ಬೇಗ ಸವೆಯುತ್ತದೆಂದು ಹೇಳಿದ್ದೆ. ಅವರು ಅದಕ್ಕೂ ಅಡ್ಡಿಲ್ಲೆ ಎಂದಿದ್ದರು.

ಬಲಕ್ಕೆ ನೋಡಿದರು, ಎಡಕ್ಕೆ ತಡಕಾಡಿದರು. "ವೀಣಾ, ಇದರ ಬೆಲ್ಟು ಎಲ್ಲಿದ್ದು?" ಎಂದು ಕೇಳಿದರು.

ನಾನು ಅವರ ಕಡೆ ಬಾಗಿ, ಬೆಲ್ಟು ಎಳೆದು, ಹಾಕಿದೆ.